ಒಳಗೆ ಬಿಟ್ಟ ಬಟ್ಟೆ

ಅಜ್ಜಿ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಅಷ್ಟಕ್ಕೂ ಸಮಾಧಾನವಾಗದೆ ಏಣಿಯನ್ನೂ ಎಳೆದುಕೊಂಡು ಹೋಗಿ ಹಿತ್ತಿಲಲ್ಲಿ ಹಾಕಿ ಬಂದಳು.

"ಕದ್ದು ತಿಂದಿರ್ಬೇಕು. ಇಲ್ದಿದ್ರೆ ಈ ಕಡ್ಡಿಗೆ ಎಲ್ಲಿಂದ ಬರುತ್ತೆ ಸಕ್ಕರೆ?"

ಕಡ್ಡಿ ಅಂದರೆ ಮೊಮ್ಮಗಳು. ಒಂಬತ್ತನೇ ಕ್ಲಾಸು. ಗಾಳಿ ಬೀಸಿದರೆ ಹಾರಿಹೋಗುತ್ತಾಳೆ ಎಂದು ಬೀದಿಯವರೆಲ್ಲ ನಗುತ್ತಿದ್ದರು. ಶಾಲೆಗೆ ಬಂದ ಡಾಕ್ಟರು ಹುಡುಗಿಯರ ರಕ್ತ ಪರೀಕ್ಷೆ ಮಾಡಿಸಿದಾಗ, ದುಂಡಗಿದ್ದವರನ್ನೆಲ್ಲ ಬಿಟ್ಟು ಇವಳ ಸಕ್ಕರೆಯೇ ಕಾಯಿಲೆಯ ಗಡಿಯ ಹತ್ತಿರ ಬಂದು ನಿಂತಿತ್ತು. ಡಾಕ್ಟರಿಗೆ ಅವಸರ. ಅಜ್ಜಿಯನ್ನು ಕರೆಸಿ, "ಈಗಿಂದ್ಲೇ ಪಥ್ಯ ಮಾಡ್ಸಿ" ಎಂದವರು ಮುಂದಿನ ಹುಡುಗಿಯ ಕಡೆ ತಿರುಗಿದ್ದರು.

ಪಥ್ಯವೇನು ಅಜ್ಜಿಗೆ ಹೊಸದೇ? ಅವಳಿಗೂ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಪಥ್ಯವೆಂದರೆ ತಟ್ಟೆಯಲ್ಲಿ ಅರ್ಧ ತೆಗೆಯುವುದು, ಅಷ್ಟೇ. ತನಗೆ ಒಗ್ಗಿದ್ದು ಮೊಮ್ಮಗಳಿಗೂ ಒಗ್ಗುತ್ತದೆ. ಆದರೆ ಕಡ್ಡಿಯ ತಟ್ಟೆಯಲ್ಲಿ ಮೊದಲೇ ಇದ್ದದ್ದಾದರೂ ಎಷ್ಟು? ಈ ಮನೆಯಲ್ಲಿ ಮೊದಲು ಉಣ್ಣುವುದು ಅಪ್ಪ, ಅಣ್ಣ; ಆಮೇಲೆ ಅಜ್ಜಿ. ಕೊನೆಗೆ ಅಮ್ಮ, ಮಗಳು ಪಾತ್ರೆಯ ತಳ ಕೆರೆಯಬೇಕು. ಅಷ್ಟು ಹೊತ್ತಿಗೆ ಬೇಳೆ ಮುಗಿದು ಬರೀ ನೀರು ಉಳಿದಿರುತ್ತಿತ್ತು. ಕೋಳಿಗಳಿಗೆ ಕಾಳು ಹಾಕುವವಳು ಕಡ್ಡಿ, ಮೊಟ್ಟೆ ಅಣ್ಣನಿಗೆ. ಈಗ ಆ ತಳದಲ್ಲೂ ಅರ್ಧ!

ಅಮ್ಮ ಹೊಲಿಗೆಯ ಮೇಲೆ ಇನ್ನಷ್ಟು ಬಗ್ಗಿದಳು. ಅವಳು ಕಿಟಕಿಯ ಪಕ್ಕ ಮೆಷಿನ್ ಹಾಕಿಕೊಂಡು ಊರ ಮಕ್ಕಳ ಯೂನಿಫಾರಂ ಹೊಲಿಯುವವಳು. ಬೆಳೆಯುವ ಮಕ್ಕಳ ಬಟ್ಟೆಗೆ ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳಗಲ ಬಟ್ಟೆ ಒಳಗೆ ಬಿಡುವುದು ಅವಳ ಪದ್ಧತಿ. ವರ್ಷ ತುಂಬುವುದರೊಳಗೆ ತಾಯಂದಿರು, "ಬಿಗಿಯಾಗಿದೆ, ಸ್ವಲ್ಪ ಬಿಟ್ಕೊಡಮ್ಮ" ಎಂದು ಬರುತ್ತಿದ್ದರು. ಮಗಳ ಬಟ್ಟೆಯಲ್ಲೂ ಬಿಟ್ಟಿದ್ದಳು. ಮೂರು ವರ್ಷವಾದರೂ ಬಿಚ್ಚುವ ಪ್ರಮೇಯವೇ ಬಂದಿರಲಿಲ್ಲ. ಬಟ್ಟೆ ಬಾಳಿಕೆ ಬಂತೆಂದು ಅಜ್ಜಿಗೆ ಸಂತೋಷ ಬೇರೆ. ಇಂಥ ಸಂತೋಷಕ್ಕಿಷ್ಟು ಬೆಂಕಿ ಹಾಕ.

ಪಥ್ಯ ಶುರುವಾದ ವಾರದಲ್ಲೇ ಕಡ್ಡಿ ಶಾಲೆಯ ಅಂಗಳದಲ್ಲಿ ಕಣ್ಣು ಕತ್ತಲೆ ಬಂದು ಕುಸಿದಳು. ಸುಧಾರಿಸಿಕೊಂಡು ಎದ್ದವಳು ಮನೆಗೆ ಬರಲಿಲ್ಲ. ನೆಟ್ಟಗೆ ಆಸ್ಪತ್ರೆಗೆ ಹೋಗಿ ನರ್ಸಮ್ಮನ ಮುಂದೆ ನಿಂತಳು.

"ಪಥ್ಯ ಅಂದ್ರೆ ಉಪವಾಸಾನಾ?"

"ಯಾರೇ ಹಾಗಂದಿದ್ದು?" ನರ್ಸಮ್ಮನಿಗೆ ಸಿಟ್ಟೇ ಬಂತು. "ಹೆಚ್ಚು ತಿಂದೋರಿಗೆ ಮಾತ್ರ ಸಕ್ಕರೆ ಬರುತ್ತೆ ಅಂದ್ಕೊಂಡ್ರಾ? ಬೆಳೆಯೋ ವಯಸ್ಸಲ್ಲಿ ಹೊಟ್ಟೆಗೆ ಸರಿಯಾಗಿ ಬೀಳದಿದ್ರೂ ಬರಬಹುದು. ನಿನ್ನ ಪಥ್ಯ ಅಂದ್ರೆ ತಿನ್ನೋದು ಕಣೇ! ಬೇಳೆ, ಮೊಟ್ಟೆ, ಸೊಪ್ಪು, ಹಾಲು. ಬರೀ ಅನ್ನದಲ್ಲಿ ಹೊಟ್ಟೆ ತುಂಬಿಸ್ಬೇಡ. ನಾಳೆ ನಿಮ್ಮಮ್ಮನ್ನ ಕರ್ಕೊಂಡ್ಬಾ, ನಾನು ಹೇಳ್ತೀನಿ."

ನಾಳೆಯ ತನಕ ಕಾಯುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

ಆ ಸಂಜೆ ಅಪ್ಪ ಕೈಕಾಲು ತೊಳೆದು ಬರುವಷ್ಟರಲ್ಲಿ ಕಡ್ಡಿ ಅವನ ಜಾಗದಲ್ಲಿ ಕೂತು ಉಣ್ಣುತ್ತಿದ್ದಳು. ತಟ್ಟೆಯಲ್ಲಿ ಸ್ವಲ್ಪ ಅನ್ನ, ಗಟ್ಟಿ ಬೇಳೆ, ಸೊಪ್ಪು, ಬೇಯಿಸಿದ ಮೊಟ್ಟೆ.

"ಅದು ನನ್ನ ಮೊಟ್ಟೆ," ಎಂದ ಅಣ್ಣ.

"ಹೋಗಿ ಕೋಳೀನ ಕೇಳ್ಕೊಂಡ್ಬಾ."

"ಏಳೇ ಮೇಲೆ," ಅಪ್ಪನ ದನಿ ಗಡುಸಾಯಿತು.

"ಏಳ್ತೀನಪ್ಪಾ. ತಿಂದಾದ್ಮೇಲೆ." ಅವಳಿಗೆ ಭಯವಾಗಿತ್ತು. ಆದರೂ ತುತ್ತು ಬಾಯಿಗೆ ಹೋಯಿತು.

ಅಜ್ಜಿ ಹಿತ್ತಿಲಿನಿಂದ ಒಳಗೆ ಬಂದಳು. "ಗಂಡಸರು ಉಣ್ಣೋಕ್ಮುಂಚೆ ಕೂತಿದೀಯಲ್ಲೇ! ಪಥ್ಯ ಏನಾಯ್ತು?"

"ಪಥ್ಯಾನೇ ಮಾಡ್ತಿದೀನಿ ಅಜ್ಜಿ. ನನ್ನ ಪಥ್ಯ ಅಂದ್ರೆ ತಿನ್ನೋದಂತೆ. ನರ್ಸಮ್ಮನೇ ಹೇಳಿದ್ದು."

"ನಾನೂ ತಳ ಕೆರೆದೇ ಬೆಳೆದೋಳು. ನನಗೇನಾಯ್ತು?"

"ಸಕ್ಕರೆ ಬಂತು."

ಅಜ್ಜಿಯ ಕೈ ತಾನಾಗಿಯೇ ಸೊಂಟದ ಚೀಲಕ್ಕೆ ಹೋಯಿತು. ಅವಳ ಮಾತ್ರೆಗಳಿದ್ದದ್ದು ಅದರಲ್ಲಿ.

ಮೆಷಿನ್ ಸದ್ದು ನಿಂತಿತ್ತು. ಅಮ್ಮ ಎದ್ದಳು. ಮಗಳ ಕೈಹಿಡಿದು ಎಬ್ಬಿಸುತ್ತಾಳೆ ಎಂದುಕೊಂಡರು ಎಲ್ಲರೂ. ಕಡ್ಡಿ ಕೂಡ ತಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅಮ್ಮ ಹಗ್ಗದ ಮೇಲಿದ್ದ ಮಗಳ ಯೂನಿಫಾರಂ ಎಳೆದುಕೊಂಡು ಬಂದು ಅವಳ ಮಗ್ಗುಲಲ್ಲೇ ಕೂತಳು. ಒಳಮಗ್ಗುಲು ತಿರುಗಿಸಿ, ಪಕ್ಕದ ಹೊಲಿಗೆಗೆ ಬ್ಲೇಡು ಹಚ್ಚಿದಳು.

"ಅದಿನ್ನೂ ಬಿಗಿಯಾಗಿಲ್ವಲ್ಲೇ," ಅಜ್ಜಿಯ ದನಿ ಸಣ್ಣದಾಗಿತ್ತು. "ಈಗ್ಯಾಕೆ ಬಿಚ್ತಿದೀಯ?"

"ಆಗುತ್ತೆ ಅತ್ತೆ," ಎಂದಳು ಅಮ್ಮ, ತಲೆಯೆತ್ತದೆ.

ದಾರ ಒಂದೊಂದೇ ತುಂಡಾಯಿತು. ಒಗೆದೂ ಒಗೆದೂ ಮಾಸಿದ್ದ ಅಂಗಿಯ ಪಕ್ಕದಲ್ಲಿ, ಬಿಸಿಲನ್ನೇ ಕಾಣದಿದ್ದ ಬಟ್ಟೆ ಎರಡು ಬೆರಳಗಲ ಹೊರಗೆ ಬಂತು. ಅದರ ನೀಲಿ ಹೊಚ್ಚಹೊಸದಾಗಿತ್ತು.