ಹಾದಿಯಲ್ಲಿ ಕೊಟ್ಟ ಹೆಸರು

ಗೋಕಾಕದಲ್ಲಿ ಘಟಪ್ರಭೆ ಯಾಕೆ ತಲೆಕೆಳಗಾಗಿ ಬೀಳುತ್ತದೆ ಎಂಬುದು ಟೊಪ್ಪಿಗೆ ಹಾಕಿದ ಸಾಹೇಬರಿಗೂ ಗೊತ್ತಿಲ್ಲ, ಪುರಾಣ ಹೇಳುವ ಸ್ವಾಮಿಗಳಿಗೂ ಗೊತ್ತಿಲ್ಲ. ಮೂಡಲಗಿಯ ರಾಚಪ್ಪನಿಗೆ ಮಾತ್ರ ಗೊತ್ತು. ಮೊದಲು ಆ ಹೊಳೆ ಚೆಲ್ಲಿದ ಮಜ್ಜಿಗೆಯಂತೆ ಸಪಾಟಾಗಿ ಹರಿಯುತ್ತಿತ್ತು. ಒಂದು ಮಳೆಗಾಲ ದಡ್ಡಿ ಎಂಬ ಊರಿನ ಹತ್ತಿರ ಅದಕ್ಕೆ ಸೊಕ್ಕು ಬಂದು, ದಂಡೆ ದಾಟಿ, ರಾಚಪ್ಪನ ಅವ್ವ ಯಮನವ್ವನ ತವರುಮನೆ ಹೊಕ್ಕು ರೊಟ್ಟಿಯ ಬುಟ್ಟಿಗೇ ಕೈಹಾಕಿತು. ರೊಟ್ಟಿ ಬಡಿಯುತ್ತಿದ್ದ ಯಮನವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಹೊಳೆಯ ಕಪಾಳಕ್ಕೆ ಒಂದು ಬಾರಿಸಿದಳು. ಹೊಳೆ ಅಳುತ್ತ ಓಡಿತು. ಕಣ್ಣಲ್ಲಿ ನೀರು ತುಂಬಿ ಹಾದಿ ಕಾಣದೆ ಗೋಕಾಕದ ಬಂಡೆಯ ಮೇಲಿಂದ ಮುಗ್ಗರಿಸಿ ಬಿತ್ತು. ಇವತ್ತಿಗೂ ಬೀಳುತ್ತಲೇ ಇದೆ. ನೊರೆ ಯಾಕೆ ಬೆಳ್ಳಗಿದೆ ಎಂದರೆ, ಆ ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

ಇದನ್ನು ಕೇಳದ ಬಾಣಂತಿ ಆ ಸೀಮೆಯಲ್ಲಿ ಇರಲಿಲ್ಲ. ಯಾಕೆಂದರೆ ರಾಚಪ್ಪ ತೊಟ್ಟಿಲು ಮಾರುವವನು. ಗೋಕಾಕದ ಚಿತ್ರಗಾರರು ಅರಗಿನ ಬಣ್ಣ ಹಚ್ಚಿ, ಗಿಳಿ ಬರೆದು ಕೊಟ್ಟ ತೊಟ್ಟಿಲುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಅಂಕಲಗಿ, ಯಮಕನಮರಡಿ, ಹುಕ್ಕೇರಿ ಎಂದು ತಿರುಗುತ್ತಿದ್ದ. ಯಾವ ಮನೆಯಲ್ಲಿ ಬಾಣಂತಿಗೆ ಅಂಟಿನುಂಡೆ ಕಟ್ಟುತ್ತಿದ್ದಾರೆ ಎಂಬುದು ಅವನ ಮೂಗಿಗೆ ಮೂರು ಹರದಾರಿ ಆಚೆಯಿಂದಲೇ ತಿಳಿಯುತ್ತಿತ್ತು. ತೊಟ್ಟಿಲು ಕೊಂಡವರಿಗೆ ಹೆಸರು ಪುಕ್ಕಟೆ.

ನಾಟಕ ಕಂಪನಿಗಳ ಕಾಲ ಅದು. ಕಂಪನಿ ಒಂದು ಊರಿನಲ್ಲಿ ಡೇರೆ ಹೊಡೆದು ಹೋದರೆ ಸಾಕು, ಮರುವರ್ಷ ಆ ಊರಿನ ತೊಟ್ಟಿಲುಗಳ ತುಂಬ ಸರೋಜಿನಿಯರು, ಕುಮುದಿನಿಯರು, ಪ್ರಮೀಳೆಯರು. ರಾಚಪ್ಪನಿಗೆ ಇದು ಸೇರುತ್ತಿರಲಿಲ್ಲ.

"ಹೊಲದಾಗ ನಿಂತು 'ಕುಮುದಿನೀ' ಅಂತ ಒದರಿ ನೋಡ್ರಿ," ಎನ್ನುತ್ತಿದ್ದ. "ಎರಡನೇ ಸಾಲಿಗೆ ಹೋಗೂದ್ರಾಗ ಹೆಸರ ಮುರದ ಬೀಳತೈತಿ. 'ಯಮನವ್ವಾ' ಅಂತ ಒದರ್ರಿ, ಬಾಜೂ ಊರಿನ ಎತ್ತ ಸೈತ ಹೊಳ್ಳಿ ನೋಡತಾವು! ಬಾಯಾಗ ರೊಟ್ಟಿ ಇಟಗೊಂಡು 'ಪ್ರಮೀಳಾ' ಅನ್ನಾಕ ಬರತೈತೇನ್ರಿ? ಗಂಟಲದಾಗ ಸಿಗತೈತಿ. ಹಳೀ ಹೆಸರು ಅಂದ್ರ ಸಾಗವಾನಿ ತೊಟ್ಟಿಲಿದ್ದಂಗ. ಮೊಮ್ಮಕ್ಕಳು ಮರಿಮಕ್ಕಳು ಮಲಗಿ ಎದ್ರೂ ಕೀಲ ಸಡ್ಲ ಆಗೂದಿಲ್ಲ."

ಹುಕ್ಕೇರಿಯ ಅಲ್ಲವ್ವ ಈ ಮಾತನ್ನು ಬಾಯಿಗೆ ಸೆರಗು ಹಿಡಿದು ನಗುತ್ತ ಕೇಳಿದಳು. ಆಮೇಲೆ ನಗು ನಿಲ್ಲಿಸಿದಳು. ಅವಳ ಮಗ ಭೀಮರಾಯನಿಗೆ ಹೆಣ್ಣುಕೂಸು ಹುಟ್ಟಿತ್ತು. ಅದಕ್ಕಿಂತ ಮುಂಚಿನ ಎರಡು ಕೂಸುಗಳು ತೊಟ್ಟಿಲು ಕಾಣದೆಯೇ ಮಣ್ಣು ಸೇರಿದ್ದವು.

"ಯಮನವ್ವ," ಎಂದು ಹೆಸರನ್ನು ನಾಲಿಗೆಯ ಮೇಲೆ ಇಟ್ಟು ನೋಡಿದಳು. "ಈ ಹೆಸರ ಕೇಳಿದ್ರ ಯಮನೂ ಅಂಜಿ ಬಾಗಿಲದಾಗ ನಿಂದರತಾನ ನೋಡು. ರಾಚಪ್ಪಾ, ನಿನ್ನ ಮಗಳಿಗೂ ಅವ್ವನ ಹೆಸರ ಇಟ್ಟೀಯೇನು?"

"ಮತ್ತ? ಬ್ಯಾರೇದ್ದು ಇಡತೇನೇನ್ರಿ ಯವ್ವಾ! ಸಾಯೂಮುಂದ ನನ್ನ ಕೈ ಹಿಡದ ಕೇಳ್ಯಾಳ. ಮಾತ ಕೊಟ್ಟೇನಿ ನಾ."

ಮಾತು ಕೊಟ್ಟದ್ದು ಖರೆ. ಹೆಸರಿಟ್ಟದ್ದು ಸುಳ್ಳು.

ಮಗಳು ಹುಟ್ಟಿದಾಗ ಅವನು ಖುಷಿಯಿಂದ ಗೋಕಾಕದ ಚಿತ್ರಗಾರರ ಓಣಿಗೆ ಹೋಗಿ, ಯಮನವ್ವ ಅಂತ ಹೆಸರಿಡುತ್ತೇನೆ ಎಂದಿದ್ದ. ಬಣ್ಣದ ಕುಂಚ ಹಿಡಿದಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆಸರ ಇಡು ಮಾರಾಯಾ, ಕ್ವಾಣ ಎಲ್ಲಿ ಕಟ್ಟತಿ?" ಎಂದನೊಬ್ಬ. ರಾಚಪ್ಪ ಅವರೊಂದಿಗೆ ತಾನೂ ನಕ್ಕ. ಮನೆಗೆ ಬಂದು ತೊಟ್ಟಿಲ ದಿನ ತಂಗಿಯ ಕಿವಿಯಲ್ಲಿ "ಪ್ರಮೀಳಾ ಅನ್ನು" ಎಂದ. ತಂಗಿ ಅವನನ್ನು ಒಂದು ಸಲ ನೋಡಿದಳು. ಕೂಸಿನ ಕಿವಿಯಲ್ಲಿ ಅದನ್ನೇ ಹೇಳಿದಳು. ಹೊಳೆಗೆ ಹೊಡೆದ ಕತೆ ಹುಟ್ಟಿದ್ದು ಆಮೇಲೆ. ಊರಿಂದೂರಿಗೆ ಅವ್ವ ಎತ್ತರವಾಗುತ್ತ ಹೋದಳು. ಮನೆಯಲ್ಲಿ ಮಾತ್ರ ಅವಳ ಸುದ್ದಿಯೇ ಇರಲಿಲ್ಲ.

"ಹಂಗಾರ ಚಲೋ ಆತು," ಎಂದಳು ಅಲ್ಲವ್ವ. "ನಮ್ಮ ಮನ್ಯಾಗ ಒಂದ ಪದ್ಧತಿ ಐತಿ. ಯಾರ ಮನೀ ಹೆಸರ ತರತೀವೋ, ಆ ಮನೀ ಆ ಹೆಸರಿನ ಹುಡಿಗೀನ ಬಂದು ಮೊದಲ ತೊಟ್ಟಲಾ ತೂಗಬೇಕು. ಮಗಳನ್ನ ಕರಕೊಂಡ ಬಾ."

ರಾಚಪ್ಪನ ಬಾಯಿ ಹೂಂ ಎಂದಿತು. ಆ ಬಾಯಿಗೆ ಬೇರೆ ಅಭ್ಯಾಸವಿರಲಿಲ್ಲ.

ತೊಟ್ಟಿಲ ದಿನ ಚಕ್ಕಡಿ ಹುಕ್ಕೇರಿಯ ಹಾದಿ ಹಿಡಿದಿತ್ತು. ಎಂಟು ವರ್ಷದ ಪ್ರಮೀಳಾ ಹಿಂದೆ ಕಾಲು ಇಳಿಬಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು.

"ಪಮ್ಮೀ, ಇವತ್ತೊಂದ ದಿನಾ ನಿನ್ನ ಹೆಸರು ಯಮನವ್ವ. ಯಾರರೆ ಕೇಳಿದ್ರ ಹಂಗ ಹೇಳಬೇಕು."

"ಯಮನವ್ವ ಅಂದ್ರ ಯಾರಪಾ?"

ರಾಚಪ್ಪನ ಕೈಯ ಹಗ್ಗ ತಾನೇ ಬಿಗಿಯಾಯಿತು, ಎತ್ತುಗಳು ನಿಂತವು. ಮಗಳು ತಮಾಷೆ ಮಾಡುತ್ತಿರಲಿಲ್ಲ. ಹೆಂಡತಿ ಕಾಶೆವ್ವ ಸೊಸೆಯಾದವಳು, ಅತ್ತೆಯ ಹೆಸರನ್ನು ಬಾಯಿಂದ ಆಡುವಂತಿಲ್ಲ. ಅವಳಿಗೆ ಅದು ಬರೀ 'ಅತ್ತಿಯಾರು'. ಮಗಳಿಗೆ ಆಯಿ ಎಂದರೆ, ಅಪ್ಪನ ಅವ್ವ ಎಂದರೆ, ಗೂಡಿನಲ್ಲಿದ್ದ ಹಿತ್ತಾಳೆ ತಂಬಿಗೆ. 'ಆಯೀದು, ಮುಟ್ಟಬ್ಯಾಡ' ಎಂದು ಕೇಳಿದ್ದಳೇ ಹೊರತು ಹೆಚ್ಚಿಗೆ ತಿಳಿಯದು. ಹೆಸರು ಹೇಳಬೇಕಾದವನು ಅದನ್ನು ಅಂಕಲಗಿಯಲ್ಲಿ ಹೇಳಿದ್ದ, ಯಮಕನಮರಡಿಯಲ್ಲಿ ಹೇಳಿದ್ದ, ಗೊತ್ತಿಲ್ಲದ ಬಾಣಂತಿಯರ ಹೊಸ್ತಿಲಲ್ಲಿ ಕೂತು ಕೈ ತಿರುವಿ ಹೇಳಿದ್ದ.

ನಿಮ್ಮ ಆಯಿ ಅಂತ ಹೇಳಬಹುದಾಗಿತ್ತು. "ಅದೊಂದ ದೊಡ್ಡ ಹೆಸರು. ಸುಮ್ನ ಹೇಳು," ಎಂದು ಎತ್ತುಗಳನ್ನು ಹೊಡೆದ.

ಅಲ್ಲವ್ವನ ಪಡಸಾಲೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಗುಗ್ಗರಿಯ ಬುಟ್ಟಿಗಳು ತಿರುಗುತ್ತಿದ್ದವು. ರಾಚಪ್ಪ ತೊಟ್ಟಿಲಿನ ಸರಪಳಿ ಬಿಗಿದು ಬಾಗಿಲ ಬಳಿ ನಿಂತ. ಕೂಸಿನ ಸೋದರತ್ತೆ ಇಂದ್ರವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಲು ಬಗ್ಗಿದಳು. ಅವಳು ಹೇಳಿದ ಕೂಡಲೇ ಬೆನ್ನಿಗೆ ಗುದ್ದಬೇಕು, ಅದೇ ಸಂಭ್ರಮ. ಸುತ್ತಲಿನ ಹೆಂಗಸರು ಮುಷ್ಟಿ ಎತ್ತಿಕೊಂಡು ತಯಾರಾಗಿದ್ದರು.

"ತಡೀರಿ," ಎಂದಳು ಅಲ್ಲವ್ವ. "ಮೊದಲ ತೂಗೂದು. ಯಮನವ್ವಾ, ಬಾ ತಂಗಿ."

ಪ್ರಮೀಳಾ ಗುಗ್ಗರಿ ಮೆಲ್ಲುತ್ತ ತೊಟ್ಟಿಲಿನ ಗಿಳಿಗಳನ್ನು ನೋಡುತ್ತಿದ್ದಳು. ತಿರುಗಲಿಲ್ಲ.

"ಯಮನವ್ವಾ!"

ಬಾಜೂ ಊರಿನ ಎತ್ತುಗಳನ್ನು ತಿರುಗಿಸುವ ಹೆಸರು ಅಲ್ಲಿಂದ ಎರಡು ಮಾರು ದೂರದ ಕಿವಿಯನ್ನು ಮುಟ್ಟಲಿಲ್ಲ.

"ಹುಡಿಗೀದು ಕಿವಿ ಮಂದ ಏನ್ರಿ?" ಎಂದಳೊಬ್ಬಳು.

"ಮಂದ ಎಲ್ಲಿದರಿ!" ರಾಚಪ್ಪ ನಕ್ಕ. "ದಡ್ಡ್ಯಾಗ ಇರಿವಿ ಸೀನಿದ್ರ ಇಲ್ಲಿ ಕುಂತು 'ಚಿರಂಜೀವಿ' ಅಂತಾಳ್ರಿ."

ಯಾರೂ ನಗಲಿಲ್ಲ. ಅಲ್ಲವ್ವ ಹುಡುಗಿಯ ಗಲ್ಲ ಹಿಡಿದು ಮೆಲ್ಲಗೆ ಕೇಳಿದಳು, "ನಿನ್ನ ಹೆಸರೇನವಾ?"

ಹುಡುಗಿ ಬಾಗಿಲ ಕಡೆ ನೋಡಿದಳು. ಅಪ್ಪ ಕಣ್ಣು ಮಿಟುಕಿಸುತ್ತಿದ್ದ. ಆದರೆ ಅವಳಿಗೆ ಖಚಿತವಾಗಬೇಕಿತ್ತು.

"ಮನ್ಯಾಗಿಂದು ಹೇಳಲ್ಯೋ ಅಪಾ, ಹಾದ್ಯಾಗ ಕೊಟ್ಟಿದ್ದು ಹೇಳಲ್ಯೋ?"

ಎತ್ತಿದ ಮುಷ್ಟಿಗಳು ಎತ್ತಿದಲ್ಲೇ ನಿಂತವು. ಬಗ್ಗಿದ್ದ ಇಂದ್ರವ್ವ ಸೆರಗಿನೊಳಗಿಂದ ಇಣುಕಿದಳು. ರಾಚಪ್ಪನಿಗೆ ಒಂದು ಸುಳ್ಳು ಬೇಕಾಗಿತ್ತು, ಸಣ್ಣದಾದರೂ ಸಾಕಿತ್ತು.

"ನಮ್ಮವು ಎರಡ ಕೂಸ ಹೋಗ್ಯಾವ ರಾಚಪ್ಪಾ," ಎಂದಳು ಅಲ್ಲವ್ವ. ಅವಳು ಬೈಯಲಿಲ್ಲ; ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. "ನಿನ್ನ ಮಾತ ಹಿಡಕೊಂಡು ಈ ಹೆಸರ ಇಡಾಕತ್ತಿದ್ದೆ."

ಅವನು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಆಕಿ ಹೆಸರು ಪ್ರಮೀಳಾ ರಿ. ಅವ್ವಗ ಮಾತ ಕೊಟ್ಟಿದ್ದೆ, ನಡಸಲಿಲ್ಲ."

"ಮತ್ತ ಹೊಳಿಗಿ ಹೊಡದದ್ದು?"

"ಹೊಳೀ ಅಂದ್ರ ಅಂಜತಿದ್ಲ್ರಿ ಅವ್ವ. ಅರಿವಿ ಒಗ್ಯಾಕ ಸೈತ ದಂಡಿಗೆ ಹೋಗತಿರಲಿಲ್ಲ, ಬಾವಿ ನೀರ ಸೇದಿ ಒಗೀತಿದ್ಲು." ನೆಲ ನೋಡುತ್ತಲೇ ಹೇಳಿದ. "ನಾ ಇಷ್ಟ ಇದ್ದಾಗ, ದಡ್ಡ್ಯಾಗ, ಹೊಳೀ ತುಂಬಿ ಬಂದಿತ್ತು. ಕುಂಬಳಕಾಯಿ ಒಂದು ತೇಲಕೋತ ಹೊಂಟಿತ್ತು ಅಂತ ನೀರಾಗ ಇಳದೆ. ಒಳಗ ರೊಟ್ಟಿ ಬಡ್ಯಾಕತ್ತಿದ್ಲು, ಯಾರ ಹೇಳಿದ್ರೋ ಏನೋ, ಓಡಿ ಬಂದು ಎದಿಮಟಾ ನೀರಾಗ ಬಂದ್ಲ್ರಿ. ಗಡಗಡ ನಡಗತಿದ್ಲು. ನನ್ನ ಜುಟ್ಟ ಹಿಡದ ದಂಡಿಗೆ ಎಳದ ತಂದು ಕಪಾಳಕ್ಕ ಹೊಡದ್ಲು. ಹೊಡದದ್ದು ಖರೆ. ಹೊಳಿಗಲ್ರಿ, ನನಗ."

ಇಂದ್ರವ್ವನ ಸೊಂಟ ನೋಯುತ್ತಿತ್ತು. "ಅವ್ವಾ, ಯಾವ ಹೆಸರ ಹೇಳ್ಲಿ?" ಎಂದಳು.

ಅಲ್ಲವ್ವ ರಾಚಪ್ಪನ ಕಡೆ ನೋಡದೆ ಹೇಳಿದಳು, "ನೀರಿಗೆ ಅಂಜಿ, ನೀರಾಗ ಇಳದಾಕೀದು."

'ಕುರ್ರ್' ಎಂಬ ಸದ್ದಿನ ಹಿಂದೆಯೇ ಧಪಧಪ ಗುದ್ದುಗಳು ಬಿದ್ದವು. ಹೆಂಗಸರು ನಗುತ್ತಿದ್ದರು. ಅದರಲ್ಲಿ ಒಂದಾದರೂ ತನ್ನ ಬೆನ್ನಿಗೆ ಬಿದ್ದಿದ್ದರೆ ಎನಿಸಿತು ರಾಚಪ್ಪನಿಗೆ. ತೊಟ್ಟಿಲನ್ನು ಯಾರೋ ಬೇರೆ ಹುಡುಗಿ ತೂಗಿದಳು. ಪ್ರಮೀಳಾ ಬಂದು ಅವನ ಧೋತರ ಜಗ್ಗಿದಳು.

"ಯಮನವ್ವ ಅಂದ್ರ ನಮ್ಮ ಆಯಿ ಏನಪಾ?"

"ಹೌದವಾ."

"ಮತ್ತ ನನಗ ಯಾಕ ಆ ಹೆಸರ ಇಡಲಿಲ್ಲ?"

ಘಟಪ್ರಭೆಯನ್ನೇ ಬೀಳಿಸಿದವನು ಮಗಳೆದುರು ಕುಕ್ಕರುಗಾಲಲ್ಲಿ ಕೂತ.

"ಮಂದಿ ನಗತಾರಂತ ಅಂಜಿದೆ," ಎಂದ. ಅದಕ್ಕೆ ಇನ್ನೇನೂ ಸೇರಿಸಲಿಲ್ಲ.