ಬೆಣ್ಣೆ ಕಡೆದ ಜೀಪು

ಮೇಚೇರಿ ಸಂತೆಗೆ ಒಂದೇ ಸಲಕ್ಕೆ ಇನ್ನಷ್ಟು ಕುರಿ ಸಾಗಿಸಬೇಕೆಂದು ಬಸಪ್ಪ ತನ್ನ ಹಳೇ ಜೀಪಿನ ಬೆನ್ನು ಉದ್ದ ಮಾಡಿಸಿದ. ಗುಡ್ಡದ ಕಲ್ಲುದಾರಿಗೆ ಆಗಿಬರಲೆಂದು ದಪ್ಪ ಟಯರು ಹಾಕಿಸಿ ಮೈಯನ್ನೂ ಎತ್ತರಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ, ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಮುಟ್ಟಿಸುವ ಶಾಫ್ಟು ಒಂದು ಗೇಣು ಮೋಟಾಗಿತ್ತು. ಸಿಂಗಾರವೆಲ್ಲ ಮುಗಿಸಿ ಚಪ್ಪಲಿ ಸಿಗದೆ ಕೂತ ಮದುಮಗನಂತೆ ಜೀಪು ಹುಣಸೆಮರದ ಕೆಳಗೆ ನಿಂತಿತು.

ಹೆಂಡತಿ ಮುನಿಲಕ್ಷ್ಮಮ್ಮ ತನ್ನ ಎರಡು ಟಗರು ಮಾರಿ ದುಡ್ಡನ್ನು ಅವನ ಕೈಗಿಟ್ಟಳು.

"ಸೇಲಂಗೇ ಓಗು ಮಾವ. ಮಿಷನ್‌ನಾಗೆ ತಿರುಗ್ಸಿ ನೋಡಿ ಮಾಡ್ತಾರಲ್ಲ, ಅವರತ್ರ ಮಾಡ್ಸು. ಇದ್ರಾಗೂ ನನ್ನ ಏಮಾರ್ಸಿದ್ರೆ ಕುರಿ ಜತೆ ಜೀಪೂ ಸಂತೇಲಿ ಮಾರ್ಬಿಡ್ತೀನಿ. ಆರ್‌ಸಿ ಬುಕ್ಕು ನನ್ನ ಎಸ್ರಲ್ಲೈತೆ."

ಮಾರುವವಳೇ. ಕೈಯಾರೆ ಸಾಕಿದ ಹಸುವನ್ನು ಕಣ್ಣು ಒದ್ದೆಯಾಗದೆ ಹಗ್ಗ ಸಮೇತ ಕೊಟ್ಟು ಬಂದವಳು.

ಬಸಪ್ಪ ಶಾಫ್ಟನ್ನು ಗೋಣಿಯಲ್ಲಿ ಸುತ್ತಿಕೊಂಡು ಸೇಲಂ ಬಸ್ಸನ್ನೇ ಹತ್ತಿದ. ಆದರೆ ಓಮಲೂರಿನಲ್ಲಿ ಬಸ್ಸು ನಿಂತಾಗ, ಕಿಟಕಿಗಳಿಗೆ ಗ್ರಿಲ್ ಬೆಸೆಯುವ ಇಳಂಗೋನ ಶೆಡ್ಡು ಕಣ್ಣಿಗೆ ಬಿತ್ತು. ಕಾಲು ತಾನಾಗಿಯೇ ಇಳಿಯಿತು.

"ಪೈಪು ತಾನೇ ಅಣ್ಣಾ," ಎಂದ ಇಳಂಗೋ. "ನಡುವೆ ಕತ್ತರ್ಸಿ ಬೋರ್ ಪೈಪಿನ ತುಂಡು ಸೇರ್ಸಿದ್ರೆ ಆಯ್ತು. ಸೇಲಂನೋರು ಅದಕ್ಕೇನು ಕೊಂಬು ಇಟ್ಟು ಕೊಡ್ತಾರಾ?"

ಬೆಸೆದು, ದಾರ ಎಳೆದು ಹಿಡಿದು ನೋಡಿದ. ಬಸಪ್ಪನೂ ಒಂದು ಕಣ್ಣು ಮುಚ್ಚಿ ನೋಡಿದ. ನೆಟ್ಟಗಿತ್ತು. ಶಾಫ್ಟನ್ನು ಜೋಡಿಸಲು ಎರಡು ತುದಿಯಲ್ಲಿರುವ ಕವಲುಗಳೂ ಒಂದೇ ಕಡೆಗೆ ಮುಖ ಮಾಡಿವೆಯೇ ಎಂಬುದನ್ನು ಮಾತ್ರ ಇಬ್ಬರೂ ನೋಡಲಿಲ್ಲ. ಉಳಿದ ದುಡ್ಡಿಗೆ ಬಸಪ್ಪ ನಾದಸ್ವರದಂತೆ ರಾಗ ಎಳೆಯುವ ಒಂದು ಹಾರ್ನು ಕೊಂಡ.

"ಇದ್ಯಾವ್ದು?" ಎಂದಳು ಮುನಿಲಕ್ಷ್ಮಮ್ಮ.

"ಫ್ರೀ ಕಣೇ. ಆಡಿ ತಿಂಗ್ಳಲ್ವಾ, ಸೇಲಂ ತುಂಬಾ ಆಷಾಢದ ಆಫರು. ಶಾಫ್ಟು ಮಾಡ್ಸಿದೋರಿಗೆ ಆರ್ನು ಸುಮ್ನೆ."

"ಓ," ಎಂದು ಅವಳು ಒಳಗೆ ಹೋದಳು.

ಸಂತೆಯ ದಿನ ಹಿಂದೆ ಕುರಿ, ಮುಂದೆ ಮುನಿಲಕ್ಷ್ಮಮ್ಮ, ಅವಳ ಕಾಲ ಬಳಿ ಮೊಸರಿನ ಕ್ಯಾನು. ಮೇಚೇರಿಯಲ್ಲಿ ಮೆಸ್ ನಡೆಸುವ ಕುಪ್ಪಸ್ವಾಮಿಗೆ ವಾರವಾರ ಅವಳದೇ ಮೊಸರು. ಡಾಂಬರು ರಸ್ತೆ ಸಿಕ್ಕಿ ಬಸಪ್ಪ ವೇಗ ಹೆಚ್ಚಿಸಿದ್ದೇ ತಡ, ಜೀಪಿಗೆ ಚಳಿಜ್ವರ ಹಿಡಿಯಿತು. ಸೀಟು ನಡುಗಿತು, ಕನ್ನಡಿ ನಡುಗಿತು, ಕುರಿಗಳ ಕೂಗು ತುಂಡುತುಂಡಾಗಿ ಬರತೊಡಗಿತು.

"ಸೇ-ಸೇಲಂ ಶಾ-ಶಾಫ್ಟು ಇಂ-ಇಂಗೇ ಇರ್ತದಾ?"

"ಒ-ಒಸದು. ಪ-ಪಳಗ್ಬೇಕು."

ಕುಪ್ಪಸ್ವಾಮಿ ಕ್ಯಾನಿನ ಮುಚ್ಚಳ ತೆಗೆದು ಬಗ್ಗಿ ನೋಡಿದ. ಮಜ್ಜಿಗೆಯ ಮೇಲೆ ಮುಷ್ಟಿಗಾತ್ರದ ಬೆಣ್ಣೆ ತೇಲುತ್ತಿತ್ತು.

"ಏನಕ್ಕಾ ಇದು! ಮೊಸರು ಕೇಳಿದ್ರೆ ಬೆಣ್ಣೆ ತಂದಿದ್ದೀರ."

ಅವಳು ಬೆಣ್ಣೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಬೆಣ್ಣೆಗೊಂದು ಬೆಲೆ, ಮಜ್ಜಿಗೆಗೊಂದು ಬೆಲೆ ಹೇಳಿ ಎರಡನ್ನೂ ಕುಪ್ಪಸ್ವಾಮಿಗೇ ಮಾರಿದಳು. ಮುಂದಿನ ಸಂತೆಗೆ ಎರಡು ಕ್ಯಾನು ಹತ್ತಿದವು.

ಆಮೇಲೆ ಮನೆಯಲ್ಲಿ ಕಡೆಗೋಲು ಮೂಲೆ ಸೇರಿತು. ಮುನಿಲಕ್ಷ್ಮಮ್ಮ ಕಂಡಕಂಡವರ ಮುಂದೆ ಸೇಲಂನವರ ಕೆಲಸವನ್ನು ಹೊಗಳಿದಳು. ಹೊಗಳಿಕೆ ಶುರುವಾದರೆ ಬಸಪ್ಪ ಎದ್ದು ಕುರಿ ಎಣಿಸಲು ಹೋಗುತ್ತಿದ್ದ. ಒಂದು ದಿನ ಜೀಪಿನ ಕೆಳಗೆ ತೂರಿ ಶಾಫ್ಟಿನ ಬೋಲ್ಟು ಮುಟ್ಟಿದರೆ ಅದು ಸಲೀಸಾಗಿ ಕೈಗೇ ಬಂತು. ಹೀಗೇ ಬಿಟ್ಟರೆ ನಡುರಸ್ತೆಯಲ್ಲಿ ಶಾಫ್ಟೇ ಕಳಚಿ ಬಿದ್ದು ಗುಟ್ಟು ರಟ್ಟಾಗುತ್ತದೆ. ಅವಳು ತವರಿಗೆ ಹೋದ ದಿನ ನೋಡಿಕೊಂಡು ಇಳಂಗೋನ ಬಳಿಗೆ ಓಡಿದ.

ಇಳಂಗೋ ಈ ತುದಿ ನೋಡಿದ, ಆ ತುದಿ ನೋಡಿದ, ಕತ್ತು ಕೆರೆದುಕೊಂಡ.

"ಒಂದು ನಿಂತೈತೆ, ಇನ್ನೊಂದು ಮಲಗೈತೆ ಅಣ್ಣಾ. ಎರಡೂ ಒಂದೇ ತರ ಇರ್ಬೇಕಿತ್ತು."

"ಆವತ್ತೇ ಈ ಮಾತು ಏಳೋದಲ್ವೇನ್ಲಾ?"

"ಆವತ್ತು ನಂಗೆ ಗೊತ್ತಿರ್ಲಿಲ್ಲ."

ಕತ್ತರಿಸಿ, ತಿರುಗಿಸಿ, ಮತ್ತೆ ಬೆಸೆದ. ಜೀಪು ಎಣ್ಣೆ ಮೇಲೆ ಜಾರಿದಂತೆ ಓಡಿತು. ಬಸಪ್ಪ ದಾರಿಯುದ್ದಕ್ಕೂ ಹಾರ್ನು ಬಾರಿಸಿಕೊಂಡು ಮನೆಗೆ ಬಂದ.

ಮರುಸಂತೆಗೆ ಕುಪ್ಪಸ್ವಾಮಿ ಬೆಣ್ಣೆಗೆಂದೇ ಪಾತ್ರೆ ಹಿಡಿದು ಕಾದಿದ್ದ. ಮುಚ್ಚಳ ತೆಗೆದರೆ ಮೊಸರು. ಕೆನೆ ಕೂಡ ಅಲುಗಿರಲಿಲ್ಲ.

"ಶಾಫ್ಟು ಪಳಗ್ತು," ಎಂದ ಬಸಪ್ಪ.

"ಕೆಟ್ಟೋಯ್ತು ಅನ್ನು," ಎಂದಳು ಮುನಿಲಕ್ಷ್ಮಮ್ಮ. ಕುರಿ ಮಾರಿ ಮುಗಿದ ಮೇಲೆ ಜೀಪು ಹತ್ತಿ ಸೆರಗು ಬಿಗಿದಳು. "ನಡಿ ಸೇಲಂಗೆ. ಮೊದ್ಲಿನಂಗೇ ಮಾಡಿಕೊಡ್ಲಿ. ನಾನೇ ಕೇಳ್ತೀನಿ ಅವ್ರನ್ನ."

ಓಮಲೂರು ಬಂತು. ಮುಂದಕ್ಕೆ ಯಾವ ಅಂಗಡಿಗೆ ಹೋಗುವುದು? ಇಳಂಗೋನ ಶೆಡ್ಡಿನ ಮುಂದೆ ಜೀಪು ನಿಲ್ಲಿಸಿದ.

"ಇದೇ ಸೇಲಂ," ಎಂದ, ಸ್ಟಿಯರಿಂಗನ್ನೇ ನೋಡುತ್ತ.

"ಗೊತ್ತು."

"ಯಾವಾಗಿಂದ?"

"ಆರ್ನು ತಂದಾಗ್ಲೇ. ಆಡೀಲಿ ಬಟ್ಟೆಗೆ ಆಫರು ಕೊಡ್ತಾರೆ ಮಾವ, ಕಬ್ಬಿಣಕ್ಯಾರು ಕೊಡ್ತಾರೆ?"

"ಮತ್ತೆ ಯಾಕೆ ಸುಮ್ನಿದ್ದೆ?"

"ಬೆಣ್ಣೆ ಬರ್ತಿತ್ತಲ್ಲ." ಅವಳು ಕೈ ಚಾಚಿ ಕೀಲಿ ಎಳೆದುಕೊಂಡಳು. "ಈಗ ಒಂದು ಮಾತು ಏಳು. ಜೀಪು ಮಾರಾಣ್ವಾ, ಬೆಣ್ಣೆ ನೀನೇ ಕಡೀತೀಯಾ?"

ಮರುದಿನ ಬಸಪ್ಪ ಹುಣಸೆಮರದ ಕೆಳಗೆ ಮೊಸರಿನ ಗಡಿಗೆ ಇಟ್ಟುಕೊಂಡು ಕಡೆಗೋಲಿನ ಹಗ್ಗ ಎಳೆಯುತ್ತಿದ್ದ. ಮುನಿಲಕ್ಷ್ಮಮ್ಮ ಜೀಪಿನ ಡ್ರೈವರ್ ಸೀಟಿನಲ್ಲಿ ಕಾಲು ನೀಡಿ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಅವನ ಕೈ ಸ್ವಲ್ಪ ನಿಧಾನವಾದರೂ ಸಾಕು, ಹಾರ್ನು ರಾಗ ತೆಗೆಯುತ್ತಿತ್ತು.