ಕೈಗುಣ

ಸುಣ್ಣ ಇನ್ನೂ ನೀರಿನಲ್ಲಿ ಪೂರ್ತಿ ಬೆರೆತಿಲ್ಲ, ಬೋಗುಣಿಯ ತಳದಲ್ಲಿ ಗಂಟುಗಂಟಾಗಿ ಕೂತಿದೆ, ಬೆರಳಾಡಿಸಿದರೆ ಮೇಲೆದ್ದು ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ, ಆ ಬಿಳುಪು ನೋಡಬೇಡ ರಮಾ, ಕಲಕು, ಹೊರಗೆ ಜಗಲಿಯ ಮೇಲೆ ಆರ್.ಟಿ. ನಗರದಿಂದ ಬಂದ ತಾಯಿ ಮಗ ಖಾಲಿ ಹೊಟ್ಟೆಯಲ್ಲಿ ಕಾದು ಕೂತಿದ್ದಾರೆ, ಇವತ್ತು ಭಾನುವಾರ, ಭಾನುವಾರ ಬಂದರೆ ಅಲ್ಲಾಳಸಂದ್ರದಲ್ಲಿ ಕಾಮಾಲೆಯವರ ಮನೆ ಯಾವುದು ಅಂತ ಬೀದಿನಾಯಿಯನ್ನು ಕೇಳಿದರೂ ತೋರಿಸುತ್ತದೆ ಎಂದು ನನ್ನ ಗಂಡ ನಗುತ್ತಿದ್ದರು — ಈಗ ನಗು ಎಲ್ಲಿಂದ ಬರಬೇಕು, ಕಾಮಾಲೆಯವರ ಮನೆಯ ಮಗುವೇ ಕಾಮಾಲೆಯಾಗಿ ಹೆಬ್ಬಾಳದ ಆಚೆ ಆಸ್ಪತ್ರೆಯಲ್ಲಿ ಮಲಗಿದೆ, ನನ್ನ ಬಿಂದು, ಮೂಗಿನ ತುದಿಯವರೆಗೂ ಹಳದಿ, ಅತ್ತೆ ಅವಳ ಪಕ್ಕ ಕೂತು ನನ್ನನ್ನು ಕಳಿಸಿದರು, ನೀನ್ ಓಗಿ ಗಂಜಿ ಕಾಯಿಸ್ಕೊಂಡ್ ಬಾರಮ್ಮ, ಮಗೂನ ನಾನ್ ನೋಡ್ಕಂತೀನಿ. ಗಂಜಿ ಒಲೆಯ ಮೇಲಿದೆ. ಇವರು ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದಾರೆ, ನೀರು ಸುರಿಯುವ ಸದ್ದು ಕೇಳುತ್ತಿದೆ, ಅಷ್ಟರೊಳಗೆ ಈ ಹುಡುಗನ ಕೈ ತೊಳೆದು ಕಳಿಸಿಬಿಡಬೇಕು. ಇವತ್ತು ನನ್ನ ಅಂಗೈಗೆ ಏನೂ ಹಚ್ಚಿಲ್ಲ. ತೆಂಗಿನ ನಾರು ಹಾಕಿ ಸೋಪಿನಲ್ಲಿ ತಿಕ್ಕಿದ್ದೇನೆ, ತಿಕ್ಕಿ ತಿಕ್ಕಿ ಗೆರೆಗಳೆಲ್ಲ ಉರಿಯುತ್ತಿವೆ.

ಮಾವಿನ ತೊಗಟೆ ಅಷ್ಟೇ, ಇನ್ನೇನಿಲ್ಲ, ಹಿತ್ತಲ ಮರದ ತೊಗಟೆ ಕುಟ್ಟಿ, ನೆನೆಸಿ, ಆ ರಸವನ್ನು ಅಂಗೈಗೆ ಸವರಿ ಒಣಗಿಸಿಕೊಂಡರೆ ಯಾರಿಗೂ ಕಾಣುವುದಿಲ್ಲ, ಆಮೇಲೆ ರೋಗಿಯ ಕೈಯನ್ನು ಸುಣ್ಣದ ನೀರಿನಲ್ಲಿ ಉಜ್ಜುತ್ತ ಹೋದರೆ ನೀರು ಹಳದಿಯಾಗುತ್ತದೆ, ಜನ ಕೈಮುಗಿಯುತ್ತಾರೆ, ನೋಡ್ರೀ ಮೈಯಾಗಿನ ಕಾಮಾಲೆ ಹೆಂಗ್ ಇಳೀತಾ ಐತೆ. ಹಳದಿ ಅವರ ಮೈಯಿಂದಲ್ಲ, ನನ್ನ ಕೈಯಿಂದ. ಮಾವ ಚಿಕ್ಕಮಾರಯ್ಯ ಇದನ್ನು ಹೇಳಿಕೊಟ್ಟದ್ದು ನನಗೆ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಲ್ಲ, ಅವನು ಬಾಯಿಬಡುಕ ಕಣಮ್ಮ, ಸಂಜೆ ಒಳಗೆ ಯಲಹಂಕಕ್ಕೆಲ್ಲ ಸಾರ್‍ಕೊಂಡ್ ಬತ್ತಾನೆ, ನೀನಾದ್ರೆ ಒಟ್ಟೇಲಿ ಇಟ್ಕಂತೀಯ — ಇಟ್ಟುಕೊಂಡೆ ಮಾವ, ಇಟ್ಟುಕೊಂಡೇ ಈ ಗತಿ. ಇದು ಮೋಸ ಅಲ್ವಾ ಅಂತ ಆಗಲೇ ಕೇಳಿದ್ದೆ, ಹೊಸ ಸೊಸೆ, ಧೈರ್ಯ ಮಾಡಿ ಕೇಳಿದ್ದೆ, ಮಾವ ಬೀಡಿ ಆರಿಸಿ ಹೀಗಂದರು, ನಾವ್ ಕೊಡೋ ಕಿರುನೆಲ್ಲಿ ಸೊಪ್ಪು ಮೋಸ ಅಲ್ಲ, ಪಥ್ಯ ಮೋಸ ಅಲ್ಲ, ಆದ್ರೆ ಕಣ್ಣಿಗೇನಾರಾ ಕಾಣ್ದೆ ಯಾವನೂ ಬಾಯಿ ಕಟ್ಟಾಕಿಲ್ಲ, ಎಣ್ಣೆ ಬಿಡಾಕಿಲ್ಲ, ಅದ್ಕೇ ನೀರು. ಸರಿ ಅನ್ನಿಸಿತು. ಆಟೋ ಓಡಿಸುತ್ತಿದ್ದ ಇವರ ಬೆನ್ನು ಹಿಡಿದುಕೊಂಡು ಗಾಡಿ ಮನೆ ಮುಂದೆ ನಿಂತ ಮೇಲಂತೂ ಇನ್ನೂ ಸರಿ ಅನ್ನಿಸಿತು, ಮನೆಯಲ್ಲಿ ಒಲೆ ಉರಿಯುವುದೇ ಈ ಬೋಗುಣಿಯಿಂದ. ಕಾಮಾಲೆ ಬಹಳ ಜನಕ್ಕೆ ತಾನಾಗಿ ಬಂದು ತಾನಾಗಿ ಹೋಗುತ್ತದೆ, ಹೋದದ್ದೆಲ್ಲ ನನ್ನ ಲೆಕ್ಕಕ್ಕೆ, ಹೋಗದೆ ಇದ್ದವರು — ಬ್ಯಾಟರಾಯನಪುರದ ವೆಂಕಟಸ್ವಾಮಿ ಎಷ್ಟೋ ಭಾನುವಾರ ಬಂದು ಆಮೇಲೆ ಬರಲೇ ಇಲ್ಲ, ಗುಣವಾಗಿರಬೇಕು ಎಂದುಕೊಂಡೆ, ವಿಚಾರಿಸಲಿಲ್ಲ, ವಿಚಾರಿಸಲು ಭಯವಾಗಿ ವಿಚಾರಿಸಲಿಲ್ಲ. ಇವರಿಗೆ ಇದ್ಯಾವುದೂ ಗೊತ್ತಿಲ್ಲ. ಮರದ ಬುಡ ನೋಡಿ ಬೀದಿಯವರನ್ನು ಬೈಯುತ್ತಾರೆ, ಯಾವನೋ ನಮ್ ಮರದ್ ತೊಗಟೆ ಕಿತ್ಕೊಂಡ್ ಹೋಗ್ತಾವ್ನೆ, ಕೈಗೆ ಸಿಗ್ಲಿ ಅವ್ನು. ನಾನು ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಅಪ್ಪನ ಕೈಗುಣ ಸೊಸೆಗೆ ಬಂದಿದೆ ಅಂತ ಬಂದವರಿಗೆಲ್ಲ ಹೇಳುತ್ತಾರೆ, ಎಷ್ಟು ಹೆಮ್ಮೆಯಿಂದ.

ತಂಗಿಯ ಬಾಣಂತನಕ್ಕೆ ದೊಡ್ಡಬಳ್ಳಾಪುರಕ್ಕೆ ಹೋಗಬಾರದಿತ್ತು, ಇಲ್ಲ, ಹೋಗಿದ್ದು ತಪ್ಪಲ್ಲ, ಇವರ ಆ ಫೋನು, ಆ ಫೋನಿನಲ್ಲಿ ನನ್ನ ಬಾಯಿ ಸೇದಿಹೋದದ್ದು ತಪ್ಪು. ಬಿಂದುಗೆ ಜ್ವರ ಕಣೇ, ಊಟ ಸೇರ್ತಿಲ್ಲ, ವಾಂತಿ, ಕಾಮಾಲೆ ಇರ್ಬೋದೇನೋ ಅಂತ ನಾನೇ ಸುಣ್ಣದ್ ನೀರಲ್ಲಿ ಅವಳ ಕೈ ತೊಳ್ಸಿ ನೋಡ್ದೆ, ಬೆಳ್ಳಗೇ ಇತ್ತು ನೀರು, ಒಂಚೂರೂ ಹಳದಿ ಇಲ್ಲ, ನೀನು ಆರಾಮಾಗಿ ಬಾ. ಬೆಳ್ಳಗಿರದೆ ಇನ್ನೇನಾಗುತ್ತದೆ, ಇವರ ಕೈಯಲ್ಲಿ ತೊಗಟೆ ಎಲ್ಲಿತ್ತು. ನನಗೆ ಗೊತ್ತಿತ್ತು, ಆ ಕ್ಷಣವೇ ಗೊತ್ತಿತ್ತು, ಬಾಣಂತಿಯ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ತಂಗಿಯ ಅತ್ತೆ ಮಗ್ಗುಲಲ್ಲೇ ನಿಂತಿದ್ದಾರೆ, ನಾನು ಅಂದದ್ದು ಇಷ್ಟೇ, ಒಂದ್ಸಲ ಡಾಕ್ಟ್ರಿಗೂ ತೋರ್ಸಿಬಿಡ್ರೀ. ಇವರು ನಕ್ಕರು, ನಾವೇ ಡಾಕ್ಟ್ರ ಹತ್ರ ಹೋದ್ರೆ ಜನ ಏನಂತಾರೆ. ನಾನೂ ನಕ್ಕೆ. ಅಯ್ಯೋ, ನಾನೂ ನಕ್ಕೆನಲ್ಲ. ಆ ನೀರು ಸುಳ್ಳು ಅಂತ ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಅವತ್ತೇ ಆಟೋ ಹತ್ತಿಸುತ್ತಿದ್ದರು. ನಾನು ಬರುವಷ್ಟರಲ್ಲಿ ಮಗು ಕೂತಲ್ಲೇ ತೂಕಡಿಸುತ್ತಿತ್ತು, ಕರೆದರೆ ಅರ್ಧ ಕಣ್ಣು ತೆರೆಯುತ್ತಿತ್ತು. ಇಷ್ಟು ದಿನ ಏನ್ ಮಾಡ್ತಿದ್ರಿ ಅಂತ ಡಾಕ್ಟರು ಕೇಳಿದರು, ಲಿವರ್ ತುಂಬಾ ಕೆಟ್ಟಿದೆ, ಈಗಲೇ ಏನೂ ಹೇಳಕ್ಕಾಗಲ್ಲ. ಇವರು ಗೋಡೆಗೆ ಒರಗಿ ತಮ್ಮ ಅಂಗೈಯನ್ನೇ ನೋಡಿಕೊಂಡರು, ನಂದೇ ತಪ್ಪು ರಮಾ, ನಂಗೆ ಅಪ್ಪನ್ ಕೈಗುಣ ಇಲ್ಲ, ನೀನಿದ್ದಿದ್ರೆ ಹಳದಿ ಬಂದಿರೋದು. ಆಗಲೂ ನಾನು ಬಾಯಿ ಬಿಡಲಿಲ್ಲ. ಸುಮ್ಮನೆ ಅವರ ಕೈ ಹಿಡಿದುಕೊಂಡೆ. ಹೇಳಿದರೆ ಇವರ ಸತ್ತ ಅಪ್ಪ ಇನ್ನೊಂದು ಸಲ ಸಾಯುತ್ತಾರೆ ಎಂದು ನೆವ ಹೇಳಿಕೊಂಡೆ, ನಿಜ ಏನೆಂದರೆ ನನಗೆ ನನ್ನ ಭಯ.

ನೀರು ಸಿದ್ಧ. ಬಾರಮ್ಮ ಒಳಗೆ. ತಾಹೆರಾ ಅಂತೆ ಹೆಸರು, ಮಗ ಅಜ್ಜು, ಬಿಂದು ವಯಸ್ಸಿನವನೇ, ಕಣ್ಣು ನೋಡಿದರೆ ಸಾಕು, ಚೆಂಡುಹೂವು. ನಾನು ಯೋಚಿಸಿಟ್ಟಿದ್ದೇನೆ, ತೊಗಟೆ ಇಲ್ಲದ ಕೈ, ನೀರು ಬೆಳ್ಳಗೇ ಉಳಿಯುತ್ತದೆ, ಇದು ನನ್ನ ಕೈಗೆ ಇಳಿಯುತ್ತಿಲ್ಲಮ್ಮ, ಆಸ್ಪತ್ರೆಗೆ ಹೋಗಿ ಅನ್ನುತ್ತೇನೆ, ಹುಡುಗ ಉಳಿಯುತ್ತಾನೆ, ಮಾವನ ಹೆಸರೂ ಉಳಿಯುತ್ತದೆ, ಹಾವೂ ಸಾಯದ ಕೋಲೂ ಮುರಿಯದ ದಾರಿ, ಉಜ್ಜುತ್ತೇನೆ, ಪುಟ್ಟ ಬೆರಳು, ಉಗುರಿನ ಬುಡದಲ್ಲೂ ಹಳದಿ, ಇವನ ಕೈ ಎಷ್ಟು ಬಿಸಿ, ಬಿಂದುವಿನ ಕೈಯೂ ನಿನ್ನೆ ಹೀಗೇ, ನೀರು ಬಿಳಿ, ಬಿಳಿಯಾಗಿಯೇ ಇದೆ, ಬಾಯಿ ತೆರೆದೆ — ನನಗಿಂತ ಮುಂಚೆ ತಾಹೆರಾ, ಅಲ್ಲಾ ನಿಂಗೆ ಶುಕರ್, ಬೆಳ್ಳಗೇ ಐತಲ್ಲಕ್ಕಾ, ಹಂಗಂದ್ರೆ ಕಾಮಾಲೆ ಇಲ್ಲ ನಮ್ ಅಜ್ಜೂಗೆ, ಅವಳ ಕಣ್ಣಲ್ಲಿ ನೀರು, ಮಗನ ತಲೆಗೆ ಮುತ್ತು. ಇಲ್ಲಮ್ಮ, ಹಾಗಲ್ಲ, ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಈಗಲೇ ಹೋಗಿ. ಯಾಕಕ್ಕಾ, ನೀರು ಬೆಳ್ಳಗೈತಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುತ್ತಾರೆ. ಬಾಗಿಲಲ್ಲಿ ಇವರು, ಹೆಗಲ ಮೇಲೆ ಒದ್ದೆ ಟವೆಲು, ಯಾವಾಗ ಬಂದರೋ, ಹುಡುಗನ ಕಣ್ಣು ನೋಡಿದರು, ಬೋಗುಣಿ ನೋಡಿದರು. ಬಿಂದೂಗೂ ಹಿಂಗೇ ಇತ್ತು ನೀರು, ಅಂದರು, ಮೆಲ್ಲಗೆ, ತಮಗೇ ಹೇಳಿಕೊಳ್ಳುವ ಹಾಗೆ. ಆಮೇಲೆ, ಇದು ನಿನ್ ಕೈಯಲ್ವೇನೇ ರಮಾ. ಅವರ ಬೆನ್ನ ಹಿಂದೆ ಹಿತ್ತಲ ಬಾಗಿಲು ತೆರೆದಿದೆ, ಮರ ಕಾಣುತ್ತದೆ, ತೊಗಟೆ ಎದ್ದ ಬುಡ ಕಾಣುತ್ತದೆ, ಒಲೆಯ ಮೇಲೆ ಗಂಜಿ ಉಕ್ಕುತ್ತಿದೆ, ಯಾರೂ ಇಳಿಸುವುದಿಲ್ಲ, ಯಾಕಕ್ಕಾ ಅನ್ನುತ್ತಾಳೆ ತಾಹೆರಾ ಇನ್ನೊಮ್ಮೆ, ನಾನು ಎರಡೂ ಅಂಗೈ ಮೇಲೆತ್ತಿ ಇವರ ಕಡೆ ತಿರುಗಿಸಿ ಹಿಡಿಯುತ್ತೇನೆ, ನೋಡ್ರೀ, ಇವತ್ತು ಏನೂ ಹಚ್ಚಿಲ್ಲ ನೋಡ್ರೀ, ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಬಿಳಿ ನೀರು, ಬರೀ ಬಿಳಿ ನೀರು —